ನಾಲ್ಕು ಬೆರಳು ಕೆಳಗೆ

ಸೀಮಾ ನಮ್ಮ ಮನೆಗೆ ಬಂದ ದಿನವೇ ಅವಳು ನನಗೆ ಸೇರಲಿಲ್ಲ. ನವಲಗುಂದದ ಹುಡುಗಿ. ಮದುವೆ, ಭಜನೆ, ಭಾಷಣ, ಏನೇ ಇದ್ದರೂ ಮೈಕು ಸ್ಪೀಕರು ಒಯ್ಯುವ ಮನೆತನ ಅವರದು. ಈಗ ಅಪ್ಪ ಮನೆಯಲ್ಲಿ ಕೂತು ಲೆಕ್ಕ ಬರೆಯುತ್ತಾನೆ, ಮಗಳು ಊರೂರು ತಿರುಗುತ್ತಾಳೆ. ಪ್ಯಾಂಟು ತೊಟ್ಟು, ಬೆನ್ನಿಗೊಂದು ಚೀಲ ಏರಿಸಿ, ಎರಡೂ ಕೈಯಲ್ಲಿ ಒಂದು ರಟ್ಟಿನ ಡಬ್ಬ ಹಿಡಿದುಕೊಂಡು ಸಂಶಿಯ ಬಸ್‌ಸ್ಟ್ಯಾಂಡಿನಿಂದ ನಡೆದೇ ಬಂದಳು. ಅವಳ ಹೆಜ್ಜೆ ಅಂಗಳದಲ್ಲಿ ಕೇಳಿದ್ದೇ ತಡ, ನನ್ನ ಗಂಡ ಎದ್ದು ನಿಂತರು. ಹದಿನಾಲ್ಕು ವರ್ಷದ ಸಂಸಾರದಲ್ಲಿ ನನ್ನ ಹೆಜ್ಜೆಗೆ ಅವರು ಒಮ್ಮೆಯೂ ಎದ್ದು ನಿಂತವರಲ್ಲ.

ನನ್ನ ಗಂಡ ಸಿದ್ಧಾರೂಢ ಅವರಿಗೆ ಹುಟ್ಟಿನಿಂದ ಕಣ್ಣಿಲ್ಲ. ಗದಗಿನಲ್ಲಿ ಇದ್ದು ಹಾರ್ಮೋನಿಯಂ ಕಲಿತು ಬಂದರು. ಕುಂದಗೋಳ ತಾಲೂಕಿನ ಭಜನಾ ಮೇಳದವರಿಗೆಲ್ಲ ಅವರು ಮಾಸ್ತರು. ಹನ್ನೊಂದು ವರ್ಷದ ಹಿಂದೆ ಹತ್ತಿ ತುಂಬುತ್ತಿದ್ದ ಹಿತ್ತಲ ಕೋಣೆ ಖಾಲಿ ಮಾಡಿಸಿ, ಗೋಡೆಗೆಲ್ಲ ಹಳೆಯ ಜಮಖಾನೆ ಇಳಿಬಿಟ್ಟು, ಒಂದು ಕಂಪ್ಯೂಟರು, ನಾಲ್ಕು ಮೈಕು ತಂದು ಭಜನಾ ಪದಗಳ ರೆಕಾರ್ಡಿಂಗ್ ಶುರು ಮಾಡಿದೆವು. ಮಾಡಿದೆವು ಎಂದೇ ಹೇಳುತ್ತೇನೆ. ಕಿವಿ ಅವರದು, ಆದರೆ ಕಣ್ಣು ಮತ್ತು ಕೈ ನನ್ನವು.

ಕಂಪ್ಯೂಟರಿನ ಪರದೆಯ ಮೇಲೆ ಒಂದೊಂದು ವಾದ್ಯಕ್ಕೆ, ಒಂದೊಂದು ದನಿಗೆ ಒಂದೊಂದು ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಒಂದು ಸಣ್ಣ ಗುಬುಟು. ಅದನ್ನು ಮೌಸಿನಿಂದ ಹಿಡಿದು ಮೇಲೆ ಎಳೆದರೆ ಆ ದನಿ ಏರುತ್ತದೆ, ಕೆಳಗೆ ಎಳೆದರೆ ಇಳಿಯುತ್ತದೆ. ಪರದೆಯನ್ನು ಓದಿ ಹೇಳುವ ಸಾಫ್ಟ್‌ವೇರೂ ಇದೆಯಂತೆ. ಒಮ್ಮೆ ಹಾಕಿ ನೋಡಿದೆವು. ಹಾಡಿನ ನಡುವೆ ಅದು ಇಂಗ್ಲಿಷಿನಲ್ಲಿ ಗೊಣಗತೊಡಗಿದಾಗ ಇವರು ತಲೆ ಹಿಡಿದುಕೊಂಡರು. ಹೀಗಾಗಿ ಆ ಕುರ್ಚಿ ನನ್ನದಾಯಿತು. ಇವರು ನನ್ನ ಎಡಕ್ಕೆ ಕೂತು ಹೇಳುವುದು, ನಾನು ಮಾಡುವುದು. ನಮ್ಮ ಅಳತೆ ಬೆರಳು. "ತಬಲಾ ಒಂದು ಬೆರಳು ಏರಸು", "ತಾಳ ಎರಡು ಬೆರಳು ಇಳಸು." ಒಂದು ಬೆರಳು ಅಂದರೆ ಪರದೆಯ ಮೇಲೆ ಎರಡು ಡೆಸಿಬಲ್ ಎಂದು ನಾನೇ ಗೊತ್ತು ಮಾಡಿಕೊಂಡಿದ್ದೆ. ಈ ಲೆಕ್ಕ ನಮ್ಮಿಬ್ಬರಿಗೆ ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲ.

ಸುಖವಾಗಿದ್ದೆವು. ಅಷ್ಟರಲ್ಲಿ ನವಲಗುಂದದ ಒಂದು ಕಾರ್ಯಕ್ರಮದಲ್ಲಿ ಈ ಸೀಮಾ ಇವರ ಕೈ ಹಿಡಿದು ತನ್ನ ಮಷಿನ್ನಿನ ಮೇಲೆ ಇಟ್ಟಳು. ಅದಕ್ಕೆ ಕಂಟ್ರೋಲ್ ಸರ್ಫೇಸ್ ಅನ್ನುತ್ತಾರೆ. ಪರದೆಯ ಮೇಲಿನ ಗುಬುಟುಗಳೇ ಕೈಯಿಂದ ಸರಿಸುವ ನಿಜವಾದ ಗುಬುಟುಗಳಾಗಿ, ಅಂದರೆ ಫೇಡರುಗಳಾಗಿ, ಸಾಲಾಗಿ ಎದ್ದು ನಿಂತಿರುತ್ತವೆ, ಎಂಟು. ಕಂಪ್ಯೂಟರಿಗೆ ಒಂದು ವಾಯರು ಚುಚ್ಚಿದರೆ ಸಾಕು. ಇಲ್ಲಿ ಬೆರಳಿನಿಂದ ಸರಿಸಿದಂತೆ ಅಲ್ಲಿ ದನಿ ಏರಿಳಿಯುತ್ತದೆ. ಕಣ್ಣು ಬೇಕಿಲ್ಲ. ಮನೆಗೆ ಬಂದು ಮೂರು ದಿನ ಅದೇ ಮಾತು.

"ಅಕಿ ಕೈ ಮೆತ್ತಗಿತ್ತೇನ್ರಿ?" ಎಂದು ಕೇಳಿಯೇ ಬಿಟ್ಟೆ.

"ಫೇಡರ್ ಮೆತ್ತಗಿತ್ತು," ಅಂದು ನಕ್ಕರು. ನನಗೆ ನಗು ಬರಲಿಲ್ಲ. ತಿಂಗಳೊಳಗೆ ಮಷಿನ್ನು ತರಿಸಿದ್ದೂ ಆಯಿತು, ಅದನ್ನು ಜೋಡಿಸಲು ಸೀಮಾ ಬಂದದ್ದೂ ಆಯಿತು.

ಕೋಣೆಗೆ ಬಂದವಳು ಮೊದಲು ಆಡಿದ ಮಾತೇ, "ಅಕ್ಕಾರ, ಸ್ವಲ್ಪ ಏಳ್ತೀರೇನ್ರಿ?"

ಎದ್ದೆ. ಹನ್ನೊಂದು ವರ್ಷ ನಾನು ಕೂತ ಕುರ್ಚಿಯಲ್ಲಿ ಅವಳು ಕೂತಳು. ಸೆಟ್ಟಿಂಗ್ ತೆರೆದಳು, ಏನೇನೋ ಹೆಸರು ಆರಿಸಿದಳು, ಮುಚ್ಚಿದಳು, ತೆರೆದಳು. ನಾನು ಬಾಗಿಲಿಗೆ ಆನಿಕೊಂಡು ನಿಂತು ನೋಡುತ್ತಿದ್ದೆ. ಆಮೇಲೆ ಇವರ ಬಲಗೈ ಹಿಡಿದು ಒಂದೊಂದೇ ಫೇಡರಿನ ಮೇಲೆ ಇಟ್ಟು, "ಇದು ತಬಲಾ ರೀ ಮಾಸ್ತರ್ರೀ, ಇದು ಪೇಟಿ," ಎಂದು ಹೇಳಿಕೊಟ್ಟಳು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತೇವೆ. ಇವರು ಪೇಟಿಯ ಫೇಡರನ್ನು ಮೆಲ್ಲಗೆ ಏರಿಸಿದರು. ಸ್ಪೀಕರಿನಲ್ಲಿ ಪೇಟಿ ಏರಿತು. ಇಳಿಸಿದರು, ಇಳಿಯಿತು. ಇವರ ಮುಖ ಕೂಸಿನ ಮುಖದ ಹಾಗೆ ಅರಳಿತು.

"ದಾನೀ, ನೋಡಿದೇನ? ನಾನ ಮಾಡಾಕತ್ತೀನಿ!"

"ನೋಡಿದೆ," ಅಂದೆ. ನನ್ನ ಹೆಸರು ದಾನೇಶ್ವರಿ. ಅವರು ಖುಷಿಯಾದಾಗ ದಾನಿ ಅನ್ನುತ್ತಾರೆ. ಆ ಖುಷಿ ನನ್ನಿಂದ ಬಂದದ್ದಾಗಿರಲಿಲ್ಲ, ಅದಕ್ಕೇ ಹೊಟ್ಟೆ ಉರಿಯಿತು.

ಆದರೆ ಕೆಲಸ ಅರ್ಧವೇ ಆಗಿತ್ತು. ಈ ಮಷಿನ್ನಿನ ಫೇಡರುಗಳೊಳಗೆ ಸಣ್ಣ ಮೋಟರು ಇವೆ. ಹಳೆಯ ಹಾಡೊಂದನ್ನು ತೆರೆದರೆ ಅವು ತಾವಾಗಿಯೇ ಓಡಿ, ಆ ಹಾಡಿನಲ್ಲಿ ಯಾವ ದನಿ ಎಷ್ಟಕ್ಕೆ ಇತ್ತೋ ಅಷ್ಟಕ್ಕೆ ಹೋಗಿ ನಿಲ್ಲಬೇಕು. ಅವು ಓಡಲಿಲ್ಲ. ಸೀಮಾ ಸಂಜೆಯ ಬಸ್ಸಿನ ಹೊತ್ತಿನವರೆಗೆ ಹೆಣಗಿದಳು, ಆಗಲಿಲ್ಲ. "ಫೋನಿನ್ಯಾಗ ಹೇಳತೀನ್ರಿ ಅಕ್ಕಾರ, ನೀವ ಮಾಡಬೌದು," ಎಂದು ಹೋದಳು. ಹೊಸ್ತಿಲು ದಾಟುವಾಗ ಅವಳ ಮೋರೆ ಸಣ್ಣದಾಗಿತ್ತು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು.

ನನ್ನ ಹೊಟ್ಟೆಕಿಚ್ಚು ಸೀಮಾಳಿಂದ ಶುರುವಾದದ್ದಲ್ಲ. ಕಣ್ಣಿರುವ ಗಂಡನ ಹೆಂಡತಿ ಬೇರೆ ಹೆಂಗಸರ ಮುಖ ನೋಡಿ ಉರಿದುಕೊಳ್ಳಬಹುದು. ನನ್ನ ಗಂಡನಿಗೆ ನಾನು ಕಪ್ಪೋ ಬಿಳುಪೋ ಗೊತ್ತಿಲ್ಲ. ಅವರ ಪಾಲಿಗೆ ನಾನೆಂದರೆ ಬರೀ ದನಿ. ಆ ದನಿಯೂ ದೇವರು ನನಗೆ ಕೊಟ್ಟದ್ದು ಅಷ್ಟಕ್ಕಷ್ಟೇ. ಹಿಮ್ಮೇಳಕ್ಕೆ ನಡೆಯುತ್ತದೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಆಸೆಪಟ್ಟು ಅವರ ಮುಂದೆ ಒಂದು ಪದ ಹಾಡಿದೆ. ಪೂರ್ತಿ ಕೇಳಿ, "ಸುತಿ ಬಿಡೂದಿಲ್ಲ ನೀ," ಅಂದರು. ಅಷ್ಟೇ. ಅದೇ ನನಗೆ ಸಿಕ್ಕ ದೊಡ್ಡ ಬಹುಮಾನ.

ಏಳು ವರ್ಷದ ಹಿಂದೆ ಯರಗುಪ್ಪಿಯಿಂದ ಕೆಂಚವ್ವ ಎಂಬವಳು ಬಂದಳು. ಕುರಿ ಕಾಯುವವರ ಮನೆಯ ಹೆಣ್ಣುಮಗಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಕಲಿತದ್ದೇನೂ ಇಲ್ಲ. ಮೈಕಿನ ಮುಂದೆ ನಿಂತು ಬಾಯಿ ತೆಗೆದಳು ನೋಡಿ, ಇವರು ಪೇಟಿ ನುಡಿಸುವುದನ್ನೇ ಬಿಟ್ಟರು. ಪೇಟಿಯ ಐದನೇ ಕರಿ ಮನೆ ಅವಳ ಶ್ರುತಿ. ಅಲ್ಲಿಂದ ಅವಳು ಮೇಲೆ ಹೋದರೆ ಎಲ್ಲಿಯೂ ದನಿ ಒಡೆಯುತ್ತಿರಲಿಲ್ಲ. ಅವಳು ಹೋದ ಮೇಲೆ ಇವರು ಊಟಕ್ಕೆ ಕೂತರು, ತುತ್ತು ಕೈಯಲ್ಲೇ ಇತ್ತು. "ಇಂಥಾ ದನಿ ನಾ ಗದಗಿನ್ಯಾಗೂ ಕೇಳಿಲ್ಲ," ಅಂದರು. ನಾನು ಬಡಿದ ರೊಟ್ಟಿ ಅವತ್ತು ಹೇಗಿತ್ತೆಂದು ಅವರಿಗೆ ತಿಳಿಯಲೂ ಇಲ್ಲ.

ಆ ಪದಕ್ಕೆ ಹಿಮ್ಮೇಳ ನನ್ನದೇ. ಎಲ್ಲ ದನಿ ಹೊಂದಿಸುವ ಮಿಕ್ಸಿಂಗ್ ಎರಡು ದಿನ ನಡೆಯಿತು. "ಅಕಿ ದನಿ ಇನ್ನೊಂದು ಬೆರಳು ಏರಸು, ಇನ್ನೊಂದು," ಎನ್ನುತ್ತ ಹೋದರು. ಏರಿಸಿದೆ. ಸರಿಯಾಗಿ ಕೂತಿತು ಎಂದು ಅವರಿಗೆ ಸಮಾಧಾನವಾದ ಮೇಲೆ, ಫೈಲು ಮಾಡಿ ಕಳಿಸು ಎಂದು ಹೇಳಿ ಮಠದ ಭಜನೆಗೆ ಹೋದರು. ಕೋಣೆಯಲ್ಲಿ ನಾನೊಬ್ಬಳೇ. ಕೆಂಚವ್ವನ ಪಟ್ಟಿಯನ್ನು ಹಿಡಿದು ಒಂದು ಬೆರಳು ಇಳಿಸಿದೆ. ಕೇಳಿದೆ. ಇನ್ನೂ ಚೆನ್ನಾಗಿಯೇ ಇತ್ತು. ಇನ್ನೊಂದು ಇಳಿಸಿದೆ. ನಾಲ್ಕು ಬೆರಳಿಗೆ ಅವಳು ಪೇಟಿ ತಬಲಾಗಳ ಹಿಂದೆ ಹೋಗಿ ನಿಂತಳು. ಹಾಗೆಯೇ ಸೇವ್ ಮಾಡಿ, ಫೈಲು ಮಾಡಿ, ಭಜನಾ ಮೇಳದ ಯೂಟ್ಯೂಬಿಗೆ ಕಳಿಸಿಬಿಟ್ಟೆ.

ವಾರದ ಮೇಲೆ ಸಂಶಿಯ ಪೇಟೆಯಲ್ಲಿ ಯಾರದೋ ಫೋನಿನಲ್ಲಿ ಇವರು ಅದನ್ನು ಕೇಳಿಸಿಕೊಂಡು ಬಂದರು. "ಪೇಟಿ ಚಲೋ ಐತ್ರಿ ಮಾಸ್ತರ, ಆ ಹೆಣಮಗಳು ಏನ ಅಂತಾಳ ತಿಳಿಯಂಗಿಲ್ಲ," ಎಂದರಂತೆ ಮಂದಿ. ಇವರಿಗೆ ನನ್ನ ಮೇಲೆ ಸಂಶಯ ಬರಲಿಲ್ಲ. ತಮ್ಮ ಮೇಲೆ ಬಂತು. "ಇಲ್ಲಿ ಕೋಣ್ಯಾಗ ಎದ್ದ ಕೇಳತಿತ್ತು, ಹೊರಗ ಮುಳಗೇತಿ. ನನ್ನ ಕಿವಿ ತಪ್ಪಾಕತ್ತೇತಿ, ದಾನೇಶ್ವರಿ," ಅಂದರು. ಕೆಂಚವ್ವನನ್ನು ಕರೆದು, ನಿನ್ನ ದನಿ ಬಯಲಿಗೆ ಚಂದ, ಮೈಕಿಗೆ ಹತ್ತುವುದಿಲ್ಲ ಎಂದು ತಾವೇ ಹೇಳಿ ಕಳಿಸಿದರು. ಅವಳು ಮತ್ತೆ ಬರಲಿಲ್ಲ. ಅಂದಿನಿಂದ ಯಾವ ಹಾಡೇ ಇರಲಿ, ಕೊನೆಗೆ ನನ್ನ ಕಡೆ ತಿರುಗಿ, "ನೀ ಹ್ಯಾಂಗ ಅಂತಿ?" ಎಂದು ಕೇಳತೊಡಗಿದರು. ನಾನು ಹೂಂ ಅಂದರೆ ಮಾತ್ರ ಹಾಡು ಹೊರಗೆ ಹೋಗುತ್ತಿತ್ತು. ಮಾಡಿದ್ದು ತಪ್ಪೆಂದು ಗೊತ್ತಿತ್ತು. ಆದರೂ ಆ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಹಿತವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಈಗ ಆ ಪ್ರಶ್ನೆಗೇ ಸಂಚಕಾರ ಬಂದಿತ್ತು. ಸೀಮಾ ದಿನಕ್ಕೆರಡು ಸಲ ಫೋನು ಮಾಡಿ ಅದು ಒತ್ತಿರಿ, ಇದು ಒತ್ತಿರಿ ಅನ್ನುತ್ತಿದ್ದಳು. ನಾನು ಒತ್ತುತ್ತಿದ್ದೆ. ಫೇಡರು ಮಿಸುಕುತ್ತಿರಲಿಲ್ಲ. ಇವರು ಹೊಸ ಹಾಡು ತೆರೆಸಿ ಫೇಡರಿಗೆ ಬೆರಳು ತಾಗಿಸಿದರೆ ಸಾಕು, ಅದು ಹಿಂದಿನ ಹಾಡಿನ ಜಾಗದಲ್ಲೇ ನಿಂತಿರುತ್ತಿದ್ದರಿಂದ ದನಿ ಧಡಕ್ಕನೆ ಜಿಗಿಯುತ್ತಿತ್ತು. ಬೇಸತ್ತು ಕೈ ಹಿಂದೆ ತೆಗೆಯುತ್ತಿದ್ದರು.

"ವಾಪಸ್ ಕೊಟ್ಟಬಿಡೂಣು ತಗೋರಿ. ನಾ ಇಲ್ಲೇನು?" ಅಂದೆ.

"ಸೀಮಾ ಶಾಣ್ಯಾ ಹುಡುಗಿ ಅದಾಳ. ಅಕಿ ಮಾಡತಾಳ," ಅಂದರು.

ಅಲ್ಲಿಗೆ ನನ್ನ ತಲೆ ಕೆಟ್ಟಿತು. ಸೀಮಾ ಶಾಣ್ಯಾ, ನಾನು ಯಾರು ಹಾಗಾದರೆ? ಮರುದಿನ ಮಧ್ಯಾಹ್ನ ಇವರು ಉಂಡು ಅಡ್ಡಾದಾಗ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡೆ. ಅವಳು ಹೇಳಿದ ಸೆಟ್ಟಿಂಗ್ ಪುಟವನ್ನು ಮೇಲಿನಿಂದ ಕೆಳಗೆ ಅಕ್ಷರ ಬಿಡದೆ ಓದಿದೆ. ಅಲ್ಲಿ ಎರಡು ಸಾಲು. ಒಂದು ಇನ್‌ಪುಟ್: ಮಷಿನ್ನು ಹೇಳಿದ್ದನ್ನು ಕಂಪ್ಯೂಟರು ಕೇಳುವ ದಾರಿ. ಇನ್ನೊಂದು ಔಟ್‌ಪುಟ್: ಕಂಪ್ಯೂಟರು ಮಷಿನ್ನಿಗೆ ತಿರುಗಿ ಹೇಳುವ ದಾರಿ. ಎರಡಕ್ಕೂ ಹೆಸರು ಆರಿಸಿಯಾಗಿತ್ತು. ಆದರೆ ಒತ್ತಿ ನೋಡಿದರೆ ಆ ಹೆಸರಿನವು ಎರಡಿದ್ದವು, ಬಾಲದಲ್ಲಿ ಒಂದು ಅಂಕಿ ಮಾತ್ರ ಬೇರೆ. ಔಟ್‌ಪುಟ್ಟಿನ ಕಡೆ ಸೀಮಾ ತಪ್ಪು ಅಂಕಿ ಆರಿಸಿದ್ದಳು. ಅಯ್ಯೋ ನಿನ್ನ, ಇಷ್ಟಕ್ಕೇ ಇಷ್ಟು ದಿನ ಕುಣಿಸಿದೆಯಾ ಎಂದು ನಕ್ಕು, ಸರಿಯಾದದ್ದನ್ನು ಒತ್ತಿದೆ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಸೀಮಾಳ ಹೊರತು ಬೇರೆ ಯಾರೂ ಇರಲಿಲ್ಲ.

ಝುಂಯ್ ಎಂದು ಎಂಟೂ ಫೇಡರು ಒಮ್ಮೆಲೇ ಎದ್ದವು. ನಾನು ಹೆದರಿ ಕುರ್ಚಿ ಬಿಟ್ಟು ಎದ್ದು ನಿಂತೆ. ಆಮೇಲೆ ಓಡಿಹೋಗಿ ಇವರನ್ನು ಎಬ್ಬಿಸಿದೆ.

ಇವರು ಬಂದು ಕೂತು ಎರಡೂ ಕೈ ಮಷಿನ್ನಿನ ಮೇಲೆ ಹರಡಿದರು. ಒಂದು ಹಾಡು ತೆರೆದೆ, ಫೇಡರುಗಳು ಓಡಿ ತಮ್ಮ ತಮ್ಮ ಜಾಗದಲ್ಲಿ ನಿಂತವು. ಇನ್ನೊಂದು ತೆರೆದೆ, ಮತ್ತೆ ಓಡಿದವು. ಇವರು ಬೆರಳಾಡಿಸಿ, ಇದು ಹೋದ ದೀಪಾವಳಿಯ ಹಾಡು, ತಬಲಾ ಕಡಿಮೆ ಮಾಡಿದ್ದೆವಲ್ಲ ಎಂದು ತಾವೇ ಗುರುತು ಹಿಡಿದರು. ನನ್ನ ಮುಂಗೈ ಹಿಡಿದುಕೊಂಡರು.

"ಸೀಮಾನ ಕೈಲೆ ಆಗದ್ದು ನೀ ಮಾಡಿದಿ, ದಾನೀ."

ಜೀವಮಾನದಲ್ಲೇ ನನಗೆ ಅಷ್ಟು ಸಂತೋಷವಾದದ್ದು ನೆನಪಿಲ್ಲ. ಅದು ಅರ್ಧ ನಿಮಿಷ ಇತ್ತು.

"ಕೆಂಚವ್ವನ ಪದ ತಗಿ," ಅಂದರು.

ನನ್ನ ಕೈ ಮೌಸಿನ ಮೇಲೆ ಹಾಗೇ ನಿಂತಿತು. "ಅದ್ಯಾಕ್ರಿ ಈಗ? ಹಳೇದು."

"ಏಳು ವರ್ಷ ಆತು, ಅವತ್ತ ನನ್ನ ಕಿವಿ ಎಲ್ಲಿ ತಪ್ಪತು ಅಂತ ತಿಳೀಲಿಲ್ಲ. ಈಗ ಕೈ ಬಂದಾವಲ್ಲ, ನಾನ ಹುಡುಕತೀನಿ."

"ಆ ಫೈಲು ಐತೋ ಇಲ್ಲೋ."

"ಐತಿ. ಹ್ವಾದ ಅಮಾಸಿ ದಿನ ಫೈಲಿನ ಪಟ್ಟಿ ಓದಿ ಹೇಳಿದಾಕಿ ನೀನ ಅಲ್ಲೇನು?"

ತೆರೆಯದೆ ದಾರಿ ಇರಲಿಲ್ಲ. ತೆರೆದೆ. ಝುಂಯ್ ಎಂದವು. ಇವರ ಬೆರಳು ಎಡದಿಂದ ಶುರುವಾಯಿತು. "ಒಂದು, ತಂಬೂರಿ. ಎರಡು, ಪೇಟಿ. ತಬಲಾ. ಡಗ್ಗಾ. ತಾಳ. ದಮ್ಮಡಿ." ಏಳಕ್ಕೆ ಬಂದು ಬೆರಳು ನಿಂತಿತು. "ಏಳು ಕೆಂಚವ್ವಂದು ಹೌದಿಲ್ಲೋ? ಇಷ್ಟ ಕೆಳಗ ಯಾಕೈತಿ?" ಬೆರಳು ಎಂಟಕ್ಕೆ ಹೋಯಿತು. ಎಂಟು ನನ್ನ ಹಿಮ್ಮೇಳದ ದನಿ. ಅದು ಎಲ್ಲಕ್ಕಿಂತ ಎತ್ತರದಲ್ಲಿತ್ತು. ಅದನ್ನೂ ಅವತ್ತು ಏರಿಸಿದ್ದೆನೇ ಎಂಬುದು ನನಗೆ ನೆನಪೇ ಇರಲಿಲ್ಲ. ಮಷಿನ್ನಿಗೆ ನೆನಪಿತ್ತು.

ಆಗ ನಾನು ಮಾಡಿದ್ದು ಶುದ್ಧ ಮೂರ್ಖತನ. ಅವರ ಬೆರಳು ಎಂಟರ ಮೇಲಿದ್ದಾಗ, ಮೌಸಿನಿಂದ ಪರದೆಯ ಮೇಲಿನ ಏಳನ್ನು ಹಿಡಿದು ನಾಲ್ಕು ಬೆರಳು ಮೇಲಕ್ಕೆ ಎಳೆದೆ. ಹನ್ನೊಂದು ವರ್ಷ ನಾನು ಮೌಸು ಎಳೆದದ್ದು ಯಾರಿಗೂ ಕೇಳಿಸಿರಲಿಲ್ಲ. ಈ ಮಷಿನ್ನು ಕೇಳಿಸಿತು. ಇವರ ಬಾಜೂಕ್ಕೇ ಝುಂಯ್ ಎಂದು ಏಳನೆಯ ಫೇಡರು ತಾನಾಗಿ ಮೇಲೆ ಹತ್ತಿತು. ಇವರು ಬೆರಳು ಹಿಂದೆ ತಂದು ಅದನ್ನು ಹುಡುಕಿದರು. ಕೆಳಗೆ ಇರಲಿಲ್ಲ, ಮೇಲೆ ಇತ್ತು.

ನನ್ನ ಕಡೆ ತಿರುಗಿದರು.

"ದಾನೇಶ್ವರಿ, ಮೌಸ್ ಬಿಡು," ಅಂದರು. ಬಿಟ್ಟೆ.

"ಹ್ಯಾಂಗಿತ್ತೋ ಹಂಗ ಮಾಡು."

ಸೇವ್ ಮಾಡದೆ ಮುಚ್ಚಿ ಮತ್ತೆ ತೆರೆದೆ. ಏಳು ಕೆಳಗೆ ಇಳಿಯಿತು. ಹಾಡು ಹಚ್ಚು ಅಂದರು, ಹಚ್ಚಿದೆ. ಪೇಟೆಯಲ್ಲಿ ಫೋನಿನಲ್ಲಿ ಕೇಳಿದ ಅದೇ ಮುಳುಗಿದ ಪದ. ಇವರು ಏಳರ ಮೇಲೆ ಬೆರಳಿಟ್ಟು ಮೆಲ್ಲಗೆ ಏರಿಸಿದರು. ಒಂದು, ಎರಡು, ಮೂರು, ನಾಲ್ಕು. ಕೆಂಚವ್ವ ಮುಂದೆ ಬಂದು ನಿಂತು ಹಾಡಿದಳು. ಕೋಣೆ ತುಂಬಿ ಹೋಯಿತು. ಇವರ ಕಣ್ಣಿಂದ ನೀರು ಇಳಿಯುತ್ತಿತ್ತು. ಹಾಡು ಮುಗಿಯುವವರೆಗೆ ಒರೆಸಿಕೊಳ್ಳಲಿಲ್ಲ.

"ನನ್ನ ಕಿವಿ ಕೆಟ್ಟಿದ್ದಿಲ್ಲ," ಅಂದರು. ಅದು ನನಗೆ ಹೇಳಿದ್ದಲ್ಲ, ತಮಗೇ ಹೇಳಿಕೊಂಡದ್ದು. ಬೈದಿದ್ದರೆ ಅತ್ತು ಕಾಲು ಹಿಡಿಯುತ್ತಿದ್ದೆ. ಅವರು ಬೈಯಲಿಲ್ಲ.

"ಇಂಥಾವು ಇನ್ನೂ ಎಷ್ಟ ಅದಾವು?"

"ಇದೊಂದ ರೀ. ನಿಮ್ಮಾಣಿ."

"ಆಣಿ ಬ್ಯಾಡ," ಅಂದು ಗೋಡೆ ಹಿಡಿದುಕೊಂಡು ಹೊರಗೆ ಹೋದರು. ಹೊರಗೆ ಹೋಗುವಾಗ ಯಾವಾಗಲೂ ನನ್ನ ಹೆಗಲು ಹಿಡಿಯುತ್ತಿದ್ದರು.

ಮರುದಿನ ಸೀಮಾಳನ್ನು ಕರೆಸಿದರು. ಮೂರು ದಿನ ಅವಳು ನನ್ನ ಕುರ್ಚಿಯಲ್ಲಿ ಕೂತು ಹನ್ನೊಂದು ವರ್ಷದ ಹಾಡುಗಳನ್ನೆಲ್ಲ ಒಂದೊಂದಾಗಿ ತೆರೆದಳು, ಇವರು ಒಂದೊಂದನ್ನೂ ಬೆರಳಿನಿಂದ ಓದಿದರು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಆ ಮೋಟರಿನ ಸದ್ದು ಕೇಳುತ್ತಿದ್ದೆ. "ಎಲ್ಲಾ ಬರೋಬ್ಬರಿ ಅದಾವಲ್ರಿ ಮಾಸ್ತರ್ರೀ, ಏನ ಹುಡುಕಾಕತ್ತೀರಿ?" ಎಂದು ಅವಳು ಕೇಳಿದ್ದು ಕೇಳಿಸಿತು. "ಮುಂದಿಂದು ತಗಿಯವ್ವಾ," ಅಂದರು ಇವರು. ನನ್ನ ಮಾತಿಗಿಂತ ಆ ಕಬ್ಬಿಣದ ಮಾತಿನ ಮೇಲೆ ಅವರಿಗೆ ನಂಬಿಕೆ. ಅದರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಹಣೆಬರಹ ನೋಡಿ, ಆ ನಂಬಿಕೆಯ ದಾರಿ ತೆರೆದವಳೂ ನಾನೇ.

ನಾನು ಹೇಳಿದ್ದು ನಿಜವೆಂದು ಗೊತ್ತಾದ ಮೇಲೆ ಅವರು ನನ್ನ ಹತ್ತಿರ ಏನೂ ಹೇಳಲಿಲ್ಲ. ಯರಗುಪ್ಪಿಯ ಮೇಳದವರ ಕೈಯಲ್ಲಿ ಕೆಂಚವ್ವನಿಗೆ ಹೇಳಿ ಕಳಿಸಿದರು. ಅವಳು ಈಗ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುತ್ತಾಳೆ. ರವಿವಾರ ಬೆಳಗಿನ ಬಸ್ಸಿಗೆ ಬಂದಳು. ಮೊದಲಿಗಿಂತ ಸೊರಗಿದ್ದಳು. ನನ್ನನ್ನು ಕಂಡು ಕೈಮುಗಿದು, "ಅಕ್ಕಾರ, ಆರಾಮದೀರ್ರಿ?" ಅಂದಳು. ಇವರು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಚಹಾದ ಕಪ್ಪು ಹಿಡಿದು ನಿಂತಿದ್ದೆ. ಇವರು ಹೇಳಲಿಲ್ಲ. ಅದೇ ಪದವನ್ನು ಮತ್ತೊಮ್ಮೆ ಹಾಡು ಎಂದಷ್ಟೇ ಹೇಳಿದರು. ಹಿಮ್ಮೇಳಕ್ಕೆ ನನ್ನನ್ನು ಕರೆದರು.

ಹಾಡಿದೆವು. ಏಳು ವರ್ಷ ಬಿಟ್ಟರೂ ಅವಳ ದನಿ ಹಾಗೇ ಇತ್ತು. ಸೀಮಾ ಕಂಪ್ಯೂಟರು ನೋಡಿಕೊಂಡಳು, ಇವರು ಫೇಡರು. ಹಾಡು ನಿಂತ ಮೇಲೆ ಕೆಂಚವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, ಅವರನ್ನು ಕೇಳಲು ಧೈರ್ಯವಾಗದೆ ನನ್ನ ಕಿವಿಯ ಹತ್ತಿರ ಬಂದಳು.

"ಅಕ್ಕಾರ, ಈ ಸಲ ನನ್ನ ದನಿ ಮೈಕಿಗೆ ಹತ್ತೇತೇನ್ರಿ?"

ಇವರ ಕೈ ನಿಂತದ್ದು ಕಂಡಿತು. ಅವರಿಗೆ ಕೇಳಿಸಿತ್ತು, ಅವರಿಗೆ ಕೇಳಿಸದ್ದು ಯಾವುದಿದೆ. ಹತ್ತಿದೆ ಎಂದಿದ್ದರೆ ಅವಳು ಸಂತೋಷದಿಂದ ಬಸ್ಸು ಹತ್ತುತ್ತಿದ್ದಳು. ಇವರು ಕಾಯುತ್ತಿದ್ದರು.

"ಅವತ್ತೂ ಹತ್ತಿತ್ತವ್ವಾ," ಅಂದೆ. "ನಾನ ಇಳಿಸಿದ್ದೆ. ಮಾಸ್ತರಿಗೆ ಗೊತ್ತಿದ್ದಿಲ್ಲ."

ಕೆಂಚವ್ವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೇಳಿದ್ದು ಒಂದೇ. "ಯಾಕ್ರಿ?"

"ನಿನ್ನ ದನಿ ಭಾಳ ಚಲೋ ಇತ್ತು. ನಂದು ಹಂಗಿದ್ದಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೈಕಿನ ಮುಂದೆ ಹೋಗಿ ನಿಂತಳು.

"ಮಾಸ್ತರ್ರೀ, ಇನ್ನೊಮ್ಮೆ ಹಾಡತೀನ್ರಿ," ಅಂದಳು. "ಅಕ್ಕಾರು ಹೊರಗ ಕುಂದರಲಿ."

ನಾನು ನನ್ನ ಗಂಡನ ಕಡೆ ನೋಡಿದೆ. ಅವರು ಎಂಟನೆಯ ಫೇಡರನ್ನು ಪೂರ್ತಿ ಕೆಳಗೆ ಇಳಿಸಿದರು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ.